ಓಲೆ ತಿದ್ದಿದ ವಿಷಯೆ

ಕಡೂರು ತಾಲ್ಲೂಕಿನ ದೇವನೂರು ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರು. ಆತ 16ನೆಯ ಶತಮಾನದವನೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅವನ ಕಾವ್ಯದ ಚಂದ್ರಹಾಸ, ಮಂತ್ರಿ ದುಷ್ಟಬುದ್ಧಿ ಕೊಟ್ಟ ಓಲೆಯಲ್ಲಿ ತನ್ನ ಸಾವನ್ನೇ ಹೊತ್ತು ನಡೆಯುತ್ತಾನೆ. ಗ್ರೀಕರ ‘ಇಲಿಯಡ್’ನ ಬೆಲ್ಲೆರೊಫೋನನೂ ಇಂಥದೇ ಓಲೆ ಒಯ್ದವನು. 1600ರ ಸುಮಾರಿನ ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿಯೂ ಅದೇ ಸಂಚು.

ಹೋಲಿಕೆಯಿದೆಯೆಂದ ಮಾತ್ರಕ್ಕೆ ಒಂದು ಇನ್ನೊಂದರಿಂದ ಬಂತೆನ್ನಲಾಗದು. ವ್ಯತ್ಯಾಸವನ್ನೂ ನೋಡಬೇಕು. ಬೆಲ್ಲೆರೊಫೋನನ ಓಲೆಯನ್ನು ಯಾರೂ ತಿದ್ದಲಿಲ್ಲ. ಪರಾಕ್ರಮವೇ ಅವನನ್ನು ಕಾಯಿತು. ಹ್ಯಾಮ್ಲೆಟ್ ಬೇರೆ ಓಲೆ ಬರೆದಿಟ್ಟು ತಾನುಳಿದ, ಜೊತೆಗಾರರಿಬ್ಬರು ಸತ್ತರು. ಮಂತ್ರಿಯ ಮಗಳು ವಿಷಯೆಯಾದರೋ ‘ವಿಷ’ವನ್ನು ‘ವಿಷಯೆ’ಯಾಗಿಸಿ, ಕೊಲೆಯ ಆಜ್ಞೆಯನ್ನೇ ಮದುವೆಯ ಓಲೆ ಮಾಡಿದಳು. ಅಕ್ಷರ ಬಲ್ಲ ಹೆಣ್ಣೊಬ್ಬಳಿಂದ ಜೀವ ಉಳಿಯಿತು.

ವಿಶ್ವಸಾಹಿತ್ಯದ ಓದಿಗೆ ದೇವನೂರೂ ಒಂದು ಹೆಬ್ಬಾಗಿಲು.