ಹೂವು ನೋಡಲು ಹೋಗುವ ಕೌಂಟಿಯ ಕಥೆ

ಮಾರ್ಚ್ ಕೊನೆ ಬಂತೆಂದರೆ ಹ್ಯೂಸ್ಟನ್, ಆಸ್ಟಿನ್‌ಗಳಿಂದ, ಮೂರು ಗಂಟೆಗೂ ಮೀರಿದ ಡ್ರೈವ್ ಎಂದು ಗೊಣಗುತ್ತಲೇ ಡಲ್ಲಾಸ್‌ನಿಂದಲೂ, ನಮ್ಮವರು ಬ್ರೆನಮ್ ಕಡೆಗೆ ಹೊರಡುತ್ತೇವೆ. ಬ್ಲೂಬಾನೆಟ್ ಹೂಗಳ ನಡುವೆ ಮಕ್ಕಳನ್ನು ಕೂರಿಸಿ ಫೋಟೋ, ಮರದಡಿ ಪುಳಿಯೋಗರೆ, ಮೊಸರನ್ನ, ಆಮೇಲೆ ಬ್ಲೂ ಬೆಲ್ ಐಸ್‌ಕ್ರೀಂ. ಸಂಜೆಗೆ ವಾಪಸ್ಸು. ಆದರೆ ಆ ವಾಷಿಂಗ್ಟನ್ ಕೌಂಟಿಯ ಮಣ್ಣಿಗೂ ನಮ್ಮ ಧಾರವಾಡದ ಮಣ್ಣಿಗೂ ಒಂದು ಹಳೆಯ ಸಂಬಂಧವಿದೆ.

ಕೌಂಟಿಯ ವಿಸ್ತಾರ ಸುಮಾರು 620 ಚದರ ಮೈಲಿ, ಅಂದರೆ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. ಪೂರ್ವಕ್ಕೆ ಬ್ರಾಜೋಸ್ ನದಿ, ವಾಯವ್ಯದಲ್ಲಿ 1967ರಲ್ಲಿ ಮುಗಿದ ಸಾಮರ್ವಿಲ್ ಜಲಾಶಯ. ನಡುವೆ ಏರಿಳಿತದ ಹುಲ್ಲುಗಾವಲು, ಅಲ್ಲಲ್ಲಿ ಬೇಸಿಗೆಯಲ್ಲಿ ಬಿರುಕು ಬಿಡುವ ಕಪ್ಪು ನೆಲ. ಉತ್ತರ ಕರ್ನಾಟಕದವರು ನೋಡಿದ ಕೂಡಲೇ ಎರೆಭೂಮಿ ಎನ್ನುತ್ತಾರೆ.

ಟೆಕ್ಸಸ್ ಹುಟ್ಟಿದ್ದು ಇಲ್ಲಿಯೇ. 1836ರ ಮಾರ್ಚ್ 2ರಂದು ಬ್ರಾಜೋಸ್ ದಂಡೆಯ ವಾಷಿಂಗ್ಟನ್ ಎಂಬ ಊರಿನಲ್ಲಿ, ಇನ್ನೂ ಪೂರ್ತಿಯಾಗದ ಒಂದು ಮನೆಯಲ್ಲಿ, ಮೆಕ್ಸಿಕೋದಿಂದ ಸ್ವತಂತ್ರರಾದೆವೆಂದು ಸಾರಿದರು. ಪತ್ರಕ್ಕೆ ಸಹಿ ಹಾಕಿದವರು 59 ಮಂದಿ. ಕಿಟಕಿಗಳಿಗೆ ಗಾಜಿರಲಿಲ್ಲ, ಚಳಿಗೆ ಹತ್ತಿಬಟ್ಟೆ ಕಟ್ಟಿದ್ದರಂತೆ. (ಈಗ ಅಲ್ಲಿರುವುದು ಆ ಮನೆಯ ಪ್ರತಿಕೃತಿ.) ಅದೇ ಸಭೆ ಬರೆದ ಸಂವಿಧಾನ ಗುಲಾಮಗಿರಿಯನ್ನು ಭದ್ರಪಡಿಸಿತು. ಗುಲಾಮರನ್ನು ಬಿಡುಗಡೆ ಮಾಡುವ ಅಧಿಕಾರ ಹೊಸ ರಾಷ್ಟ್ರದ ಕಾಂಗ್ರೆಸ್ಸಿಗೂ ಇರಲಿಲ್ಲ. ಸ್ವಾತಂತ್ರ್ಯದ ಪತ್ರದ ಮಗ್ಗುಲಲ್ಲೇ ಈ ಮಾತನ್ನೂ ಓದಬೇಕು ಎಂಬುದು ನಮ್ಮ ಅಭಿಪ್ರಾಯ. 1860ರ ಹೊತ್ತಿಗೆ ಕೌಂಟಿಯ ಜನಸಂಖ್ಯೆ 15 ಸಾವಿರ ದಾಟಿತ್ತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರು. ಹತ್ತಿ ಬಿಡಿಸಿದ ಕೈಗಳು ಅವರವೇ.

ಇಲ್ಲಿಗೆ ಧಾರವಾಡ ಬಂತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ದಕ್ಷಿಣ ರಾಜ್ಯಗಳ ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಯಲ್ಲಿ ಬಿತ್ತಿಸಿದರು. ನಮ್ಮ ರೈತರು ಅದನ್ನು ವಿಲಾಯತಿ ಹತ್ತಿ ಎಂದರು. ಮಾರುಕಟ್ಟೆಯಲ್ಲಿ ಅದು ಧಾರವಾಡ-ಅಮೆರಿಕನ್. 1861ರಲ್ಲಿ ಇಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿಯೇ ಇಲ್ಲದಾಯಿತು. ಧಾರವಾಡದ ಹತ್ತಿಗೆ ಚಿನ್ನದ ಬೆಲೆ! ಆ ಹತ್ತಿಯನ್ನು ಹಡಗು ಹತ್ತಿಸಲೆಂದೇ ಕಾರವಾರ ಬಂದರನ್ನು ಬೆಳೆಸಬೇಕೆಂಬ ಒತ್ತಾಯ ಎದ್ದಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಬಿತ್ತು. ಆ ವರ್ಷದ ಜೂನ್ 19ರಂದು ಗ್ಯಾಲ್ವೆಸ್ಟನ್‌ನಲ್ಲಿ ಬಿಡುಗಡೆಯ ಆಜ್ಞೆ ಓದಿದರು. ಅದೇ ಜೂನ್‌ಟೀಂತ್.

ಆಮೇಲಿನದು ರೈಲಿನ ಕಥೆ. 1850ರ ದಶಕದಲ್ಲಿ ರೈಲು ಕಂಪನಿ 11,000 ಡಾಲರ್ ಕೇಳಿದಾಗ ವಾಷಿಂಗ್ಟನ್ ಊರಿನವರು, ನಮಗೆ ನದಿ ಇದೆ, ದೋಣಿ ಇದೆ ಎಂಬ ಧೈರ್ಯದಲ್ಲಿ ಕೊಡಲಿಲ್ಲ. ಹಳಿ ನವಸೋಟಾಕ್ಕೆ ಹೋಯಿತು, ಟೆಕ್ಸಸ್ ರಾಷ್ಟ್ರದ ರಾಜಧಾನಿಯಾಗಿದ್ದ ಊರು ಹಾಳು ಬಿತ್ತು. ಇಂಡಿಪೆಂಡೆನ್ಸ್ ಎಂಬ ಪಕ್ಕದ ಊರಿನವರೂ ಮುಂದೆ ಸಾಂಟಾ ಫೇ ರೈಲಿಗೆ ಜಾಗ ಕೊಡಲಿಲ್ಲ. 1845ರಲ್ಲಿ ಅಲ್ಲಿ ಆರಂಭವಾಗಿದ್ದ ಬೇಲರ್ ವಿಶ್ವವಿದ್ಯಾಲಯ 1886ರಲ್ಲಿ ವೇಕೋಗೆ ಹೊರಟುಹೋಯಿತು. ಅಂತರ್ಯುದ್ಧಕ್ಕೆ ಮೊದಲೇ ರೈಲು ಬರಮಾಡಿಕೊಂಡ ಬ್ರೆನಮ್ ಬೆಳೆಯಿತು. ಜರ್ಮನ್ನರು, ಪೋಲಿಷರು ಬಂದು ನೆಲೆಸಿದರು.

1900ರಲ್ಲಿ ಕೌಂಟಿಯಲ್ಲಿ ಸುಮಾರು 33 ಸಾವಿರ ಜನ. ಹತ್ತಿ ಕುಸಿದಂತೆ ಜನ ಪಟ್ಟಣಗಳಿಗೆ ಹೊರಟು 1970ಕ್ಕೆ 19 ಸಾವಿರದೊಳಗೆ ಇಳಿಯಿತು. 2020ರ ಗಣತಿಯಲ್ಲಿ 35,805. ಬಿಟ್ಟ ಜಾಗಕ್ಕೆ ಮರಳಿ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು! ಹತ್ತಿ ಹೋದಲ್ಲಿ ದನ ಬಂತು, ಹಾಲು ಬಂತು. 1907ರಲ್ಲಿ ಬೆಣ್ಣೆ ಮಾಡಲೆಂದು ಹುಟ್ಟಿದ ಬ್ರೆನಮ್ ಕ್ರೀಮರಿಗೆ 1930ರಲ್ಲಿ ಬ್ಲೂ ಬೆಲ್ ಎಂದು ಹೆಸರಿಟ್ಟರು. ಅದು ಬೇರೆ ಹೂವು, ಬ್ಲೂಬಾನೆಟ್ ಅಲ್ಲ.

ಮುಂದಿನ ಸಲ ಹೋದಾಗ ಇಂಡಿಪೆಂಡೆನ್ಸ್‌ಗೂ ಹೋಗಿಬನ್ನಿ. ಹಂಪಿ ಕಂಡವರಿಗೆ ಅಲ್ಲಿಯ ದೃಶ್ಯ ಹೊಸದೇನಲ್ಲ: ಹುಲ್ಲಿನ ಮೇಲೆ ಹಳೆಯ ಬೇಲರ್ ಕಟ್ಟಡದ ನಾಲ್ಕು ಕಂಬಗಳು, ಮಾಡಿಲ್ಲ, ಗೋಡೆಯಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಬ್ಯಾಪ್ಟಿಸ್ಟ್ ಚರ್ಚಿನ ಎದುರಿಗೆ, ಸ್ಯಾಮ್ ಹ್ಯೂಸ್ಟನ್‌ರ ಪತ್ನಿ ಮಾರ್ಗರೆಟ್‌ರ ಸಮಾಧಿ ಇದೆ. 1867ರಲ್ಲಿ ಹಳದಿ ಜ್ವರಕ್ಕೆ ಬಲಿಯಾದ ಆಕೆಯನ್ನು ಸೋಂಕಿನ ಭಯಕ್ಕೆ ಹಂಟ್ಸ್‌ವಿಲ್‌ಗೆ, ಪತಿಯ ಬಳಿಗೆ ಒಯ್ಯಲಾಗದೆ, ಆ ರಾತ್ರಿಯೇ ಅಲ್ಲಿ ಮಣ್ಣು ಮಾಡಿದರು.