ವಕೀಲರ ಕಸುಬು, ಮನೆಯ ಹೊಸ್ತಿಲು: ಕುದ್ಮುಲ್ ರಂಗರಾಯರನ್ನು ನೆನೆಯುವ ಬಗೆ

ಮಂಗಳೂರಿನ ಪುರಭವನಕ್ಕೆ ಇಂದು ಕುದ್ಮುಲ್ ರಂಗರಾಯರ ಹೆಸರಿದೆ. ಅವರ ಜಯಂತಿ ಬಂದಾಗ ಮಾಲೆ ಬೀಳುತ್ತದೆ, ಭಾಷಣಗಳಲ್ಲಿ 'ದಲಿತೋದ್ಧಾರಕ', 'ಕರುಣಾಳು', 'ಸಂತ' ಎಂಬ ವಿಶೇಷಣಗಳು ಸಾಲುಗಟ್ಟುತ್ತವೆ. ಆ ಗೌರವಕ್ಕೆ ಅವರು ಸರ್ವಥಾ ಅರ್ಹರು. ಆದರೆ ಈ ಬಗೆಯ ನೆನಪಿನಲ್ಲಿ ಅವರ ಬದುಕಿನ ಎರಡು ದೊಡ್ಡ ಸಂಗತಿಗಳು ಬದಿಗೆ ಸರಿದುಬಿಡುತ್ತವೆ: ಅವರು ವಕೀಲರಾಗಿದ್ದರು, ಹೆಂಡತಿ ಮಕ್ಕಳಿದ್ದ ಗೃಹಸ್ಥರಾಗಿದ್ದರು. ಕರುಣೆಯೊಂದೇ ಕಾರಣವೆಂದರೆ ಅವರ ಕೆಲಸ ಯಾಕೆ ಉಳಿಯಿತು ಎಂಬುದು ಅರ್ಥವಾಗುವುದಿಲ್ಲ. ಆ ಕಾಲದಲ್ಲಿ ಕರುಣೆಯುಳ್ಳವರು ಬೇರೆಯೂ ಇದ್ದರು. ರಂಗರಾಯರ ಕೆಲಸ ಬಾಳಿದ್ದು ಅದಕ್ಕೆ ವಕೀಲನ ಕಟ್ಟುನಿಟ್ಟು ಇದ್ದುದರಿಂದ. ಜನ ಅದನ್ನು ನಂಬಿದ್ದು ಅವರು ಹೊರಗೆ ಹೇಳಿದ್ದನ್ನು ತಮ್ಮ ಮನೆಯೊಳಗೂ ನಡೆಸಿದ್ದರಿಂದ. ಇದು ನನ್ನ ವಾದ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ತಿಂಗಳಿಗೆ 8 ರೂಪಾಯಿ ಸಂಬಳದ ಮಾಸ್ತರಿಕೆಯಿಂದ ಬದುಕು ಶುರುಮಾಡಿ, ಓದು ಮುಂದುವರಿಸಿ ವಕೀಲರಾದರು. ಅವರು ಕೋರ್ಟಿಗೆ ಕಾಲಿಟ್ಟ ಕಾಲದ ದಕ್ಷಿಣ ಕನ್ನಡವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆ ಇಲ್ಲವೆಂದು ಸಾರಿತ್ತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆ ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದಿತ್ತು. ಹಾಗಿದ್ದೂ ತಲೆಮಾರುಗಳಿಂದ ಜೀತಕ್ಕಿದ್ದ ಮೂಲದಾಳುಗಳು ಧಣಿಗಳ ಗದ್ದೆಯಲ್ಲೇ ಉಳಿದರು. ಕಾರಣ ಸರಳ. ಸ್ವಾತಂತ್ರ್ಯ ಕಾಗದದ ಮೇಲಿತ್ತು; ಆ ಕಾಗದ ಓದಲು ಅವರಿಗೆ ಅಕ್ಷರವಿರಲಿಲ್ಲ, ಧಣಿಯನ್ನು ಬಿಟ್ಟು ಹೋದರೆ ಗುಡಿಸಲು ಹಾಕಿಕೊಳ್ಳಲು ಒಂದಂಗುಲ ನೆಲವಿರಲಿಲ್ಲ, ಸಂಜೆಯ ಗಂಜಿಗೆ ಬೇರೆ ದಾರಿಯಿರಲಿಲ್ಲ. ಹಕ್ಕು ಕೈಗೆ ಬರಬೇಕಾದರೆ ಅಕ್ಷರ, ನೆಲ, ಕಸುಬು ಮೂರೂ ಬೇಕು. ಕಾಯಿದೆ ಹೇಳುವುದಕ್ಕೂ ಕಕ್ಷಿಗಾರನ ಕೈಗೆ ಸಿಗುವುದಕ್ಕೂ ಇರುವ ದೂರವನ್ನು ದಿನವೂ ಕಾಣುವವನು ವಕೀಲ. ರಂಗರಾಯರು ಮುಂದೆ ಕೈಹಾಕಿದ್ದು ಸರಿಯಾಗಿ ಈ ಮೂರಕ್ಕೇ.

1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಅವರು ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಎದ್ದಿತು, ಶಾಲೆಯನ್ನು ಕಂಕನಾಡಿಗೆ ಒಯ್ದರು. ಅಲ್ಲಿಯೂ ನೆಲೆ ಸಿಗದೆ ಮತ್ತೆ ಜಾಗ ಬದಲಿಸಬೇಕಾಯಿತು. ಭಾವಾವೇಶಕ್ಕೆ ಶುರುವಾದ ಕೆಲಸವಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರಂಗರಾಯರು 1897ರಲ್ಲಿ 'ಡಿಪ್ರೆಸ್ಡ್ ಕ್ಲಾಸಸ್ ಮಿಷನ್' ಎಂಬ ಸಂಸ್ಥೆಯನ್ನೇ ಕಟ್ಟಿದರು. ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂದೆ ಇದೇ ಉದ್ದೇಶದ ಮಿಷನ್ ಸ್ಥಾಪಿಸಿದ್ದು 1906ರಲ್ಲಿ. ಗಾಂಧೀಜಿಯ ಹರಿಜನ ಸೇವಕ ಸಂಘ ಬಂದಿದ್ದು 1932ರಲ್ಲಿ. ಮಂಗಳೂರಿನ ಮಿಷನ್ ಶಾಲೆಗಳಿಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವಿತ್ತು, ಹಾಜರಾದವರಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು. ಈ ಎರಡು ಪೈಸೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೇರಿಯ ಮಗು ಶಾಲೆಗೆ ಬಂದರೆ ದನ ಕಾಯುವ, ಸೊಪ್ಪು ಹೊರುವ ಒಂದು ಜೊತೆ ಕೈ ಮನೆಗೆ ಕಡಿಮೆಯಾಗುತ್ತದೆ. ಆ ನಷ್ಟ ತುಂಬಿಕೊಡದೆ 'ಮಕ್ಕಳನ್ನು ಕಳಿಸಿ' ಎಂದು ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಎರಡು ಪೈಸೆಯನ್ನು ಭಿಕ್ಷೆ ಎನ್ನುವಂತಿಲ್ಲ; ಅದು ಲೆಕ್ಕಹಾಕಿ ಕೊಟ್ಟ ಪರಿಹಾರ. ಅಕ್ಷರದ ಜೊತೆಗೆ ನೇಯ್ಗೆಯಂಥ ಕಸುಬು ಕಲಿಸಿದರು, ಸರಕಾರದಿಂದ ಜಾಗ ಪಡೆದು ಕುಟುಂಬಗಳಿಗೆ ನೆಲೆ ಮಾಡಿಕೊಟ್ಟರು. ವಯಸ್ಸಾಗುತ್ತ ಬಂದಾಗ ಮಿಷನ್ನನ್ನು ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. ತಾನಿಲ್ಲದ ಮೇಲೆಯೂ ಕೆಲಸ ನಡೆಯಬೇಕೆಂದು ವ್ಯವಸ್ಥೆ ಮಾಡಿಟ್ಟು ಹೋಗುವುದು ದಸ್ತಾವೇಜು ಬರೆದು ಪಳಗಿದವರ ಬುದ್ಧಿ.

ಇನ್ನು ಮನೆಯ ಮಾತು. ಹತ್ತೊಂಬತ್ತನೆಯ ಶತಮಾನದ ಸುಧಾರಕರಲ್ಲಿ ಅನೇಕರು ಎಡವಿದ್ದು ಸಭೆಯಲ್ಲಲ್ಲ, ತಮ್ಮದೇ ಹೊಸ್ತಿಲಲ್ಲಿ. ವಿಧವಾ ವಿವಾಹವನ್ನು ಸಮರ್ಥಿಸುತ್ತಿದ್ದ ಮಹಾದೇವ ಗೋವಿಂದ ರಾನಡೆಯವರು, ಮೊದಲ ಪತ್ನಿ ತೀರಿಕೊಂಡ ಬಳಿಕ 1873ರಲ್ಲಿ ತಂದೆಯ ಒತ್ತಾಯಕ್ಕೆ ಮಣಿದು ಎಳೆಯ ಹುಡುಗಿಯನ್ನು ಮದುವೆಯಾದರು. ಬಾಲ್ಯವಿವಾಹದ ವಿರುದ್ಧ ಹೋರಾಡಿದ ಕೇಶವಚಂದ್ರ ಸೇನರು 1878ರಲ್ಲಿ ವಯಸ್ಸು ತುಂಬದ ಮಗಳನ್ನು ಕೂಚ್‌ಬಿಹಾರದ ರಾಜನಿಗೆ ಕೊಟ್ಟರು, ಬ್ರಹ್ಮಸಮಾಜವೇ ಒಡೆಯಿತು. ಮಂಗಳೂರಿನ ಬ್ರಹ್ಮಸಮಾಜದ ವಲಯದಲ್ಲಿ ಬೆಳೆದ ರಂಗರಾಯರಿಗೂ ಅದೇ ಪರೀಕ್ಷೆ ಬಂತು. ಅವರು ಮಗಳು ರಾಧಾಬಾಯಿಯನ್ನು ಓದಿಸಿದರು. 1912ರಲ್ಲಿ ಆಕೆಯ ಮದುವೆ ತಮಿಳುನಾಡಿನ ಕುಮಾರಮಂಗಲದ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಹುಡುಗಿ ಸಾರಸ್ವತ ಬ್ರಾಹ್ಮಣರ ಮನೆಯವಳು, ಹುಡುಗ ಗೌಂಡರ್ ಸಮುದಾಯದವನು. ಜಾತಿ ಬೇರೆ, ಭಾಷೆ ಬೇರೆ. ಶಾಲೆ ತೆರೆದುದಕ್ಕೇ ಜಾತಿಯವರ ಬಹಿಷ್ಕಾರ ಉಂಡಿದ್ದ ಮನೆ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತು. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪ್ರತಿನಿಧಿಯಾಗಿ ಕುಳಿತರು. ಅವರ ಮಕ್ಕಳಲ್ಲಿ ಒಬ್ಬರು ಭೂಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ, ಇನ್ನೊಬ್ಬರು ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ, ಮಗಳು ಕಮ್ಯುನಿಸ್ಟ್ ಸಂಸದೆ ಪಾರ್ವತಿ ಕೃಷ್ಣನ್.

ಇದಕ್ಕೆ ಆಕ್ಷೇಪವುಂಟು. ಸುಬ್ಬರಾಯನ್ ಜಮೀನ್ದಾರರು, ಆಕ್ಸ್‌ಫರ್ಡಿನಲ್ಲಿ ಓದಿದವರು. ಶ್ರೀಮಂತರ ನಡುವಿನ ಸಂಬಂಧವನ್ನು ಜಾತಿಮುರಿದ ಕ್ರಾಂತಿ ಎನ್ನುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಆ ಮದುವೆ ಕೇರಿಗೂ ಅಗ್ರಹಾರಕ್ಕೂ ಆದ ನೆಂಟಸ್ತಿಕೆಯಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಜಾತಿ ತನ್ನ ಕಾವಲನ್ನು ಅತಿ ಬಿಗಿಯಾಗಿ ಇಟ್ಟಿರುವುದು ಮದುವೆಯ ಚಪ್ಪರದಲ್ಲೇ. ಅಲ್ಲಿ ಐಶ್ವರ್ಯ ವಿನಾಯಿತಿ ಕೊಡಿಸುವುದಿಲ್ಲ. ಬದಲಾಗಿ, ಕಳೆದುಕೊಳ್ಳಲು ಹೆಚ್ಚು ಇರುವವರೇ ಹೆಚ್ಚು ಹೆದರುತ್ತಾರೆ. 1912ರಲ್ಲಿ ಹೆಣ್ಣು ಹೆತ್ತ ತಂದೆಯೊಬ್ಬ ಹೆದರದೆ ನಿಂತ ಎಂಬುದಕ್ಕೆ ರಾನಡೆ ಮತ್ತು ಸೇನರ ಪಕ್ಕದಲ್ಲಿಟ್ಟು ನೋಡಿದಾಗಲೇ ಬೆಲೆ ತಿಳಿಯುವುದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮೇಲ್ಜಾತಿಯವರು ಮೇಲೆ ನಿಂತು ಕೈಚಾಚಿದ ಕೆಲಸ ಇದು, ನಾಯಕತ್ವ ಕೊನೆಯವರೆಗೂ ಕೊಟ್ಟವರ ಕೈಯಲ್ಲೇ ಉಳಿಯಿತು, ಗೇಣಿ ಪದ್ಧತಿಯ ಬುಡಕ್ಕೆ ಅದು ಕೈಹಾಕಲಿಲ್ಲ ಎಂದು ಅಂಬೇಡ್ಕರರ ಬಳಿಕದ ತಲೆಮಾರು ಹೇಳುತ್ತದೆ. ಇದರಲ್ಲಿ ಸತ್ಯವಿದೆ. ಉಳುವವನಿಗೆ ಹೊಲ ದಕ್ಕಲು ಕರಾವಳಿ 1974ರ ಭೂಸುಧಾರಣಾ ಕಾನೂನಿನವರೆಗೆ ಕಾಯಬೇಕಾಯಿತು. ರಂಗರಾಯರ ಮಿಷನ್ ಆ ಕೆಲಸ ಮಾಡಲಿಲ್ಲ. ಆದರೂ ಅವರ ಗುರಿ ಕೇರಿಯವರನ್ನು ಸದಾ ಕೃತಜ್ಞರನ್ನಾಗಿ ಇಟ್ಟುಕೊಳ್ಳುವುದಾಗಿತ್ತೆ? ತಾನು ಓದಿಸಿದ ಮಕ್ಕಳು ಮುಂದೆ ಮೋಟಾರು ಗಾಡಿಯಲ್ಲಿ ಓಡಾಡುವಂತಾಗಬೇಕು, ಆ ಗಾಡಿಯ ಧೂಳು ತನ್ನ ತಲೆಯ ಮೇಲೆ ಬಿದ್ದರೆ ಬಾಳು ಸಾರ್ಥಕ ಎಂಬ ಅವರ ಮಾತನ್ನು ಮಂಗಳೂರು ಇಂದಿಗೂ ಹೇಳುತ್ತದೆ. ಕಲಿತವನು ತನ್ನನ್ನು ದಾಟಿ ಮುಂದೆ ಹೋಗಲಿ ಎಂದು ಬಯಸುವವನನ್ನು ಬರಿಯ ದಾನಿಗಳ ಸಾಲಿಗೆ ಸೇರಿಸಲಾಗದು. ಭೂಸುಧಾರಣೆ ಬಂದಾಗ ಅರ್ಜಿ ತುಂಬಿ ಹಕ್ಕು ಕೇಳಲು ಅಕ್ಷರ ಬಲ್ಲವರು ಬೇಕಿತ್ತು ಎಂಬುದನ್ನೂ ಮರೆಯಬಾರದು.

ಕಸುಬಿನಿಂದಲೂ ಸಂಸಾರದಿಂದಲೂ ನಿವೃತ್ತರಾದ ರಂಗರಾಯರು 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಶವವನ್ನು ಊರಿನ ತೋಟಿಗಳು ಹೊರಬೇಕೆಂದು ಅವರು ಹೇಳಿದ್ದರು, ಹಾಗೆಯೇ ನಡೆಯಿತು. ಉಯಿಲು ಬರೆಸುವ ಕಸುಬಿನವರ ಕೊನೆಯ ಉಯಿಲು ಅದು. ತಮ್ಮ ದೇಹದ ಮೇಲೆ ಜಾತಿಯ ಅಧಿಕಾರವನ್ನು ರದ್ದುಮಾಡಿದ ಉಯಿಲು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ರಂಗರಾಯರ ಮಿಷನ್ನಿಗೂ ಭೇಟಿ ಕೊಟ್ಟರು. ಸ್ಥಾಪಕರು ತೀರಿಕೊಂಡು ಆರು ವರ್ಷಗಳಾದ ಮೇಲೂ ಅದು ನಡೆಯುತ್ತಿತ್ತು. ಇಂಥವರನ್ನು ಪ್ರತಿಮೆಯಾಗಿಸಿ ಕೈಮುಗಿದರೆ ನಮ್ಮ ಹೊಣೆ ತೀರುವುದಿಲ್ಲ. ಇಂದಿನ ವಕೀಲರ ಸಂಘಗಳು ರಂಗರಾಯರನ್ನು ತಮ್ಮ ಕಸುಬಿನ ಹಿರಿಯರೆಂದು ನೆನೆಯಲಿ, ಮಿಷನ್ನಿನ ಹಳೆಯ ದಾಖಲೆಗಳು ಉಳಿದಿರುವಲ್ಲೆಲ್ಲ ಕಾಪಾಡಿ ಪ್ರಕಟಿಸಲಿ. ಜಾತಿಯ ಬಗ್ಗೆ ವೇದಿಕೆಯಲ್ಲಿ ಮಾತಾಡುವ ನಾವೆಲ್ಲರೂ ಮನೆಯ ಮದುವೆಯ ಮಾತು ಬಂದಾಗ ಎಲ್ಲಿ ನಿಲ್ಲುತ್ತೇವೆ ಎಂದು ಒಮ್ಮೆ ಕೇಳಿಕೊಳ್ಳೋಣ.