ಪತ್ರಿಕಾ ದಿನದ ಫೋಟೋದಲ್ಲಿರುವ ಮೇಷ್ಟ್ರು

ಜುಲೈ 1 ಬಂತೆಂದರೆ ನಮ್ಮ ಕಡೆಯ ಪತ್ರಕರ್ತರ ಸಂಘಗಳಲ್ಲಿ ಪತ್ರಿಕಾ ದಿನಾಚರಣೆ. ವೇದಿಕೆ ಮೇಲೆ ಹಾರ ಹಾಕಿದ ಒಂದು ಫೋಟೋ ಇದ್ದೇ ಇರುತ್ತದೆ. ಒಂದು ವರ್ಷ ಕಾರ್ಯಕ್ರಮ ಮುಗಿಸಿ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಟೀ ಕುಡಿಯುತ್ತಿದ್ದೆ. ತಿಪಟೂರಿಗೆ ಕೊಬ್ಬರಿ ಹಾಕಿ ಬಂದಿದ್ದ ಹಿರಿಯರೊಬ್ಬರು ನನ್ನ ಕೈಲಿದ್ದ ಆಹ್ವಾನ ಪತ್ರಿಕೆ ನೋಡಿ, "ಅಲ್ಲ ಕಣಪ್ಪಾ, ಈ ಪಾದ್ರಿ ಮತ ಸೇರಿಸೋಕೆ ಬಂದೋನಲ್ವಾ? ಇವನಿಗ್ಯಾಕೆ ಹಾರ?" ಅಂದರು.

ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಹರ್ಮನ್ ಮೋಗ್ಲಿಂಗ್. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 1836ರಲ್ಲಿ ಬಾಸೆಲ್ ಮಿಷನ್ ಪರವಾಗಿ ಮಂಗಳೂರಿಗೆ ಬಂದರು. ಹಿರಿಯರು ಹೇಳಿದ್ದು ಸುಳ್ಳಲ್ಲ, ಅವರು ಬಂದಿದ್ದು ಕ್ರೈಸ್ತ ಮತ ಸಾರುವುದಕ್ಕೇ. ಆದರೆ ದಿನನಿತ್ಯದ ಕಸುಬು ಪಾಠ ಹೇಳುವುದು. ಹುಡುಗರ ವಸತಿ ಶಾಲೆ ನಡೆಸಿದರು. ಉಪದೇಶಿಗಳನ್ನು ತಯಾರು ಮಾಡುವ ಸೆಮಿನರಿ ಮಂಗಳೂರಿನಲ್ಲಿ 1847ರಲ್ಲಿ ಶುರುವಾಯಿತು.

ಕನ್ನಡದಲ್ಲಿ ಪಾಠ ಹೇಳಬೇಕಾದರೆ ಮೊದಲು ಕನ್ನಡ ಕಲಿಯಬೇಕಲ್ಲ? ಮೇಷ್ಟ್ರು ತಾವೇ ವಿದ್ಯಾರ್ಥಿಯಾದರು. ಕಲಿತದ್ದನ್ನು ಅಚ್ಚಿಗೂ ಹಾಕಿದರು.

1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಅದು ಕಲ್ಲಚ್ಚಿನ ಪತ್ರಿಕೆ. ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ನುಣುಪು ಕಲ್ಲಿನ ಮೇಲೆ ಮೂಡಿಸಿ, ಕಲ್ಲಿಗೆ ನೀರು ಸವರುತ್ತಾರೆ. ಆಮೇಲೆ ಮಸಿ ಹಚ್ಚಿದರೆ ನೀರಿದ್ದ ಜಾಗಕ್ಕೆ ಅದು ಹಿಡಿಯುವುದಿಲ್ಲ, ಅಕ್ಷರಕ್ಕೆ ಮಾತ್ರ ಹಿಡಿಯುತ್ತದೆ. ಅದರ ಮೇಲೆ ಕಾಗದ ಒತ್ತಿ ಒಂದೊಂದೇ ಹಾಳೆ ತೆಗೆಯಬೇಕು.

ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರ್ಕಾರದ ಕಾಯ್ದೆಗಳು, ಪರದೇಶದ ಸುದ್ದಿ, ಗಾದೆ, ಜೊತೆಗೆ ದಾಸರ ಪದಗಳೂ ಇದ್ದವು. 1844ರಲ್ಲಿ ಅದು 'ಕನ್ನಡ ಸಮಾಚಾರ' ಎಂದು ಹೆಸರು ಬದಲಿಸಿಕೊಂಡು ಬಳ್ಳಾರಿಯಲ್ಲಿ ಅಚ್ಚಾಯಿತು. ಹೆಚ್ಚು ದಿನ ಬಾಳಲಿಲ್ಲ.

ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಓಲೆಗರಿ, ಕಡತಗಳಲ್ಲಿದ್ದ ಕಾಲ ಅದು. 1848ರಿಂದ ಮೋಗ್ಲಿಂಗ್ ಇವನ್ನು ಸಾಲಾಗಿ ಅಚ್ಚು ಹಾಕಿಸಿದರು. ಖರ್ಚಿಗೆ ನೆರವಾದವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಸಮೇಜರ್. ಜಾತಿಯನ್ನೂ ವಿಗ್ರಹ ಪೂಜೆಯನ್ನೂ ಟೀಕಿಸಿ ಪುಸ್ತಿಕೆ ತಂದ ಮನುಷ್ಯನೇ ಬಸವ ಪುರಾಣವನ್ನೂ ಅಚ್ಚು ಮಾಡಿಸಿದ್ದು. ಎರಡೂ ನಿಜ.

ಇದರಲ್ಲಿ ನೋವಿನ ಕಥೆಯೂ ಇದೆ. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಊರಲ್ಲಿ ದೊಡ್ಡ ಗಲಾಟೆಯಾಯಿತು. ಹೆಂಡತಿ ಅವರ ಜೊತೆ ಬರಲಿಲ್ಲ. 1846ರಲ್ಲಿ ಮೋಗ್ಲಿಂಗ್ ಜೊತೆ ಹಡಗು ಹತ್ತಿ ಸ್ವಿಟ್ಜರ್ಲೆಂಡಿನ ಬಾಸೆಲ್ ಸೆಮಿನರಿಗೆ ಓದಲು ಹೋದರು. 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದು ಮಂಗಳೂರಿನ ಸೆಮಿನರಿಯಲ್ಲಿ ತಾವೇ ಮೇಷ್ಟ್ರಾದರು. ಅಲ್ಲಿಂದ ಇಲ್ಲಿಗೆ ಬಂದವರು ಕನ್ನಡ ಕಲಿತರು. ಇಲ್ಲಿಂದ ಅಲ್ಲಿಗೆ ಹೋದವರು ಮನೆ ಕಳೆದುಕೊಂಡರು. ಹಾರ ಹಾಕುವ ದಿನ ಈ ಮನೆಯವರನ್ನೂ ನೆನೆಯಬೇಕು.

ಈ ಕಥೆ ಕರಾವಳಿಯದ್ದು ಮಾತ್ರ ಅಲ್ಲ. ಕ್ರಾಸಿನಿಂದ ತುಮಕೂರು ಕಡೆ ಹೊರಟರೆ ದಾರಿಯಲ್ಲೇ ಸಿಗುವ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನರಿಗಳು 1837ರಲ್ಲೇ ಠಿಕಾಣಿ ಹೂಡಿದ್ದರು. ತುಮಕೂರಿನಲ್ಲೂ ಕನ್ನಡದ ಸೆಮಿನರಿಯೊಂದಿತ್ತು. 1965ರಲ್ಲಿ ಅದೂ ಮಂಗಳೂರಿನದೂ ಒಂದಾಗಿ, ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಆಯಿತು.

1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ವಾಪಸಾದರು. 1881ರಲ್ಲಿ ಅಲ್ಲೇ ತೀರಿಕೊಂಡರು.

ಯಜಮಾನ್ರೇ, ನೀವು ಕೇಳಿದ್ದು ಸರಿ. ಅವರು ಬಂದದ್ದು ಮತಕ್ಕಾಗಿಯೇ. ನಾವು ಹಾರ ಹಾಕುವುದು ಊರಿನ ವರ್ತಮಾನವನ್ನು ಊರಿನವರ ಮಾತಿನಲ್ಲಿ ಅಚ್ಚು ಹಾಕಿ ಒಂದು ದುಡ್ಡಿಗೆ ಕೊಟ್ಟರಲ್ಲ, ಅದಕ್ಕೆ. ನಾನು ಕೊಬ್ಬರಿ ರೇಟು ಬರೆದು ಕಳಿಸುವುದೂ ಅದೇ ಕೆಲಸ.